ಗೋಡೆಯ ಬೂಷ್ಟು ಒರೆಸುವ ಮುಂಚೆ ನೀರಿನ ದಾರಿ ಹುಡುಕಿ

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕ ಸಮೀಪದವರು. ಎಂಟು ವರ್ಷದ ಹಿಂದೆ ಹಳೆಯ ಹಂಚಿನ ಮನೆಯ ಪಕ್ಕದಲ್ಲೇ ಗುಡ್ಡೆ ಜರಿದು ತಟ್ಟು ಮಾಡಿ ತಾರಸಿ ಮನೆ ಕಟ್ಟಿದೆವು. ಮೂರನೇ ಮಳೆಗಾಲದಿಂದ ಮಲಗುವ ಕೋಣೆಯ ಪಡು ಗೋಡೆಯಲ್ಲಿ, ಕಬ್ಬಿಣದ ಕಪಾಟಿನ ಹಿಂದೆ, ಕಪ್ಪು ಚುಕ್ಕೆಗಳು ಏಳಲು ಶುರುವಾದವು. ಎರಡು ಸಲ ಪೇಂಟ್ ಮಾಡಿಸಿದೆವು. ಜೋರು ಮಳೆಯ ಆಟಿ ತಿಂಗಳು ಬಂತೆಂದರೆ ಮತ್ತೆ ಅದೇ. ಕಪಾಟಿನಲ್ಲಿದ್ದ ರೇಷ್ಮೆ ಸೀರೆಗೂ, ಮಾವನವರು ಜೋಪಾನ ಮಾಡಿದ ಯಕ್ಷಗಾನ ಪ್ರಸಂಗ ಪುಸ್ತಕಗಳಿಗೂ ಬೂಷ್ಟು ಹಿಡಿದಿದೆ. ಆರು ವರ್ಷದ ಮಗನಿಗೆ ರಾತ್ರಿ ಕೆಮ್ಮು. ಇದು ಕೋವಿಡ್ ಸಮಯದ ಬ್ಲ್ಯಾಕ್ ಫಂಗಸ್ಸೇ? ತೋಟಕ್ಕೆ ಬಿಟ್ಟು ಉಳಿದ ಬೋರ್ಡೋ ದ್ರಾವಣ ಗೋಡೆಗೆ ಹೊಡೆದರೆ ಸಾಕೆಂದು ಭಾವ ಹೇಳುತ್ತಾರೆ. ಹಳೆ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ ಎಂದು ಅತ್ತೆ ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಮೊದಲು ಹೆದರಿಕೆಯ ಮಾತು ಮುಗಿಸೋಣ. 2021ರಲ್ಲಿ, ಕೋವಿಡ್ಡಿನ ಎರಡನೇ ಅಲೆಯಲ್ಲಿ, ಊರೆಲ್ಲ ಕೇಳಿದ ಬ್ಲ್ಯಾಕ್ ಫಂಗಸ್ ಎಂದರೆ ಮ್ಯೂಕರ್‌ಮೈಕೋಸಿಸ್ ಎಂಬ ಸೋಂಕು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದ್ದವರಿಗೆ, ಸ್ಟೀರಾಯ್ಡ್ ಹೆಚ್ಚಾಗಿ ತೆಗೆದುಕೊಂಡವರಿಗೆ ಅದು ಬಂದದ್ದು. ಕಪ್ಪು ಎಂಬ ಹೆಸರು ಬಿದ್ದದ್ದು ಆ ಸೋಂಕಿನಿಂದ ದೇಹದ ಭಾಗ ಸತ್ತು ಕಪ್ಪಾಗುತ್ತದೆ ಎಂಬ ಕಾರಣಕ್ಕೆ. ನಿಮ್ಮ ಗೋಡೆಯ ಕಪ್ಪಿಗೂ ಅದಕ್ಕೂ ಬಣ್ಣದ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಒದ್ದೆ ಗೋಡೆಯಲ್ಲಿ ಸಾಮಾನ್ಯವಾಗಿ ಬೆಳೆಯುವುದು ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್, ಪೆನಿಸಿಲಿಯಂ ಜಾತಿಯ ಶಿಲೀಂಧ್ರಗಳು. ಯಾವುದು ಎಂದು ಲ್ಯಾಬಿಗೆ ಕಳಿಸಿ ಹಣ ಕಳೆಯುವ ಅಗತ್ಯವೂ ಇಲ್ಲ. ಕಪ್ಪಿರಲಿ, ಹಸಿರಿರಲಿ, ಬಿಳಿಯಿರಲಿ, ತೆಗೆಯುವ ಕ್ರಮ ಒಂದೇ.

ಹಾಗೆಂದು ಹಗುರವಾಗಿಯೂ ತೆಗೆದುಕೊಳ್ಳಬೇಡಿ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಅಲರ್ಜಿ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮಗುವಿನ ಹಾಸಿಗೆ ಆ ಗೋಡೆಗೆ ತಾಗಿ ಇದ್ದರೆ ಇವತ್ತೇ ಬೇರೆ ಕೋಣೆಗೆ ಸರಿಸಿ. ಅಜ್ಜಿ ಮನೆಗೆ ಹೋದ ನಾಲ್ಕು ದಿನ ಕೆಮ್ಮು ಕಡಿಮೆಯಾಗಿ, ಹಿಂದಿರುಗಿದ ಕೂಡಲೇ ಶುರುವಾಗುತ್ತದೆಯೇ ಎಂದು ಗಮನಿಸಿ, ಅದನ್ನು ಡಾಕ್ಟರಿಗೆ ಹೇಳಿ. ಅವರಿಗೆ ಅದು ದೊಡ್ಡ ಸುಳಿವು. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುವವರು, ಅಂಗಾಂಗ ಕಸಿ ಆದವರು ಇದ್ದರಂತೂ ಅವರು ಆ ಕೋಣೆಗೆ ಕಾಲಿಡಬಾರದು.

ಇನ್ನು ಬೋರ್ಡೋ. ದಯವಿಟ್ಟು ಬೇಡ. ಮೈಲುತುತ್ತು ಎಂಬ ತಾಮ್ರದ ಲವಣ, ಸುಣ್ಣ ಒಂದೊಂದು ಕಿಲೋ, ನೂರು ಲೀಟರ್ ನೀರು ಎಂದು ಕಣ್ಣು ಮುಚ್ಚಿ ಹೇಳಬಲ್ಲ ಕೃಷಿಕರ ಊರು ನಮ್ಮದು. ಅಡಿಕೆಗೆ ಬರುವ ಮಹಾಳಿ ರೋಗಕ್ಕೆ ಅದು ಸರಿಯಾದ ಮದ್ದು. ಆದರೆ ಮಹಾಳಿ ತರುವ ಫೈಟಾಫ್ತೊರಾ ಎಂಬ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ವಂಶದಲ್ಲಿ ಅದು ಕಂದು ಪಾಚಿಗಳ ಬಳಗಕ್ಕೆ ಹತ್ತಿರ. ಅಲ್ಲಿ ಕೆಲಸ ಮಾಡಿದ್ದು ಇಲ್ಲಿಯೂ ಮಾಡುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ತೋಟದಲ್ಲಿ ಮಳೆಗೆ ತೊಳೆದು ಹೋಗುವ ತಾಮ್ರದ ಪುಡಿ ಮಲಗುವ ಕೋಣೆಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಒಣಗಿ ಧೂಳಾಗಿ ಮಗುವಿನ ಉಸಿರಿಗೇ ಬರುತ್ತದೆ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಾಲವನ್ನು ಎಣ್ಮಕಜೆಯ ಕಡೆಯವರು ಇನ್ನೂ ಮೈಮೇಲೆ ಹೊತ್ತು ಬದುಕುತ್ತಿದ್ದಾರೆ. ಹೊಲ ತೋಟದ ವಿಷ ಮನೆಯೊಳಗೆ ಬರಬಾರದು ಎಂದು ಹೇಳುವಾಗ ನನಗೆ ಅದೇ ನೆನಪಾಗುತ್ತದೆ. ದ್ರಾವಣಕ್ಕೆಂದು ತಂದ ಸುಣ್ಣ ಉಳಿದಿದ್ದರೆ ಅದು ಬೇಕಾಗುತ್ತದೆ, ಎತ್ತಿಡಿ. ಆ ಮಾತಿಗೆ ಮತ್ತೆ ಬರುತ್ತೇನೆ.

ನಿಮ್ಮ ಅತ್ತೆಯವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೂವತ್ತು ವರ್ಷದಿಂದ ಈ ಜಿಲ್ಲೆಯಲ್ಲಿ ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಅವರು ಹೇಳಿದ್ದು ಸರಿ. ಬೂಷ್ಟಿನ ಬೀಜಕಣ ಹಳೆ ಮನೆಯಲ್ಲೂ ಇತ್ತು, ಹೊಸ ಮನೆಯಲ್ಲೂ ಇದೆ. ಗಾಳಿಯಲ್ಲಿ ಅದು ಇಲ್ಲದ ಜಾಗವೇ ಇಲ್ಲ. ಅದಕ್ಕೆ ಬೇಕಾದ ಊಟ ಎಂದರೆ ಧೂಳು, ಮರ, ಕಾಗದ, ಬಟ್ಟೆ, ಪೇಂಟಿನ ಅಂಟು. ಅದೂ ಎಲ್ಲ ಕಡೆ ಇದೆ. ನಮ್ಮ ಸೆಕೆಯೂ ಅದಕ್ಕೆ ಹಿತ. ನಮ್ಮ ಕೈಯಲ್ಲಿರುವುದು ನೀರು ಒಂದೇ. ಹಳೆ ಮನೆ ನೀರನ್ನು ಹೊರಗೆ ಇಡುತ್ತಿತ್ತು, ಒಳಗೆ ಬಂದದ್ದನ್ನು ಬಿಟ್ಟು ಕೊಡುತ್ತಿತ್ತು.

ನೆನಪು ಮಾಡಿಕೊಳ್ಳಿ. ಹಂಚಿನ ಮಾಡು ಗೋಡೆಯಿಂದ ಎಷ್ಟು ಮುಂದೆ ಚಾಚಿತ್ತು? ಜಗಲಿಗೆ ಹೋಗುವಾಗ ಎತ್ತರದವರು ತಲೆ ತಗ್ಗಿಸಬೇಕಿತ್ತು. ಮಳೆಗಾಲಕ್ಕೆ ಮೊದಲು ಪಡು ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಏಕೆಂದರೆ ನಮ್ಮಲ್ಲಿ ಮಳೆ ಸಮುದ್ರದ ಕಡೆಯಿಂದ ಓರೆಯಾಗಿ ಬರುತ್ತದೆ. ಗೋಡೆ ಮಣ್ಣಿನದ್ದು ಅಥವಾ ಮುರಕಲ್ಲಿನದ್ದು, ಮೇಲೆ ಚಿಪ್ಪಿನ ಸುಣ್ಣ. ಸುಣ್ಣ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇರು ಬಿಡುವುದಿಲ್ಲ. ಗಾಳಿ ತಾಗಿ ತಾಗಿ ಆ ಕ್ಷಾರ ಇಳಿಯುತ್ತದೆಂದೇ ವರ್ಷ ವರ್ಷ ಸುಣ್ಣ ಬಳಿಯುತ್ತಿದ್ದದ್ದು. ಒಳಗೆ ಬೆಳಗಿಂದ ರಾತ್ರಿವರೆಗೆ ಒಲೆ ಉರಿಯುತ್ತಿತ್ತು, ಬಚ್ಚಲಲ್ಲಿ ಹಂಡೆಯ ಕೆಳಗೆ ಬೆಂಕಿ. ಹೊಗೆ ಹಂಚಿನ ಸಂದಿನಲ್ಲಿ ಹೊರಟು ಹೋಗುವಾಗ ಹಬೆಯನ್ನೂ ಕರೆದುಕೊಂಡು ಹೋಗುತ್ತಿತ್ತು.

ಬೆಂಕಿಯ ಬಿಸಿ ಏನು ಮಾಡುತ್ತಿತ್ತು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 26 ಡಿಗ್ರಿಯಲ್ಲಿ ಶೇ. 90 ತೇವಾಂಶ ಇರುವ ಮಳೆಗಾಲದ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿ. ಒಂದು ಹನಿ ನೀರು ತೆಗೆಯದೆಯೂ ತೇವಾಂಶ ಶೇ. 71ರ ಹತ್ತಿರ ಬರುತ್ತದೆ. ಬಿಸಿ ಗಾಳಿಗೆ ನೀರನ್ನು ಹಿಡಿದುಕೊಳ್ಳುವ ಶಕ್ತಿ ಹೆಚ್ಚು. ಒಲೆಯ ಮೇಲಿನ ಅಟ್ಟದಲ್ಲಿ ತೆಂಗಿನಕಾಯಿ, ಹುಣಸೆ, ಬೀಜದ ಸೌತೆ ಕೆಡದೆ ಉಳಿದದ್ದು ಇದೇ ಕಾರಣಕ್ಕೆ. ಇದರ ತಿರುಗು ಲೆಕ್ಕವೂ ಇದೆ. 27 ಡಿಗ್ರಿಯ, ಶೇ. 90 ತೇವಾಂಶದ ಗಾಳಿ ತನಗಿಂತ ಬರೀ ಎರಡು ಡಿಗ್ರಿ ತಣ್ಣಗಿರುವ ಗೋಡೆಗೆ ತಾಗಿದರೆ ಸಾಕು, ಬೆವರಿಳಿಯುತ್ತದೆ. ಗಾಳಿಯಾಡದ ಕಪಾಟಿನ ಹಿಂಭಾಗ ಹಾಗೆ ತಣ್ಣಗಿರುವ ಜಾಗ.

ಹೊಸ ಮನೆಯಲ್ಲಿ ನಾವು ಏನು ಮಾಡಿದೆವು? ಒಂದೂವರೆ ಅಡಿಯ ಸಜ್ಜೆ, ಹೊರಗೆ ಸಿಮೆಂಟಿನ ಗಾರೆ, ಒಳಗೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ಮುರಕಲ್ಲು ತೂತುತೂತಿನ ಕಲ್ಲು, ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಹೊರಗಿನ ಗಾರೆಯಲ್ಲಿ ನೂಲಿನಷ್ಟು ಬಿರುಕಿದ್ದರೂ ನೀರು ಒಳಸೇರುತ್ತದೆ, ಪೇಂಟಿನಿಂದಾಗಿ ಒಣಗಲು ದಾರಿ ಸಿಗುವುದಿಲ್ಲ. ಅಡುಗೆಗೆ ಗ್ಯಾಸ್ ಬಂತು. ಒಳ್ಳೆಯದೇ, ಹೆಂಗಸರ ಕಣ್ಣು, ಎದೆ ಉಳಿಯಿತು. ಆದರೆ ಒಂದು ಕಿಲೋ ಗ್ಯಾಸ್ ಉರಿದಾಗ ಸುಮಾರು ಒಂದೂವರೆ ಕಿಲೋದಷ್ಟು ನೀರಾವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಹೆಚ್ಚು ನೀರು ಅಡುಗೆ ಮನೆಯ ಗಾಳಿಗೆ ಸೇರಿರುತ್ತದೆ. ಕುಚ್ಚಲಕ್ಕಿ ಬೇಯಲು ಹಿಡಿಯುವ ಹೊತ್ತಿನ ಹಬೆ ಅದರ ಮೇಲೆ. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಒಣಗಿಸುವ ಬಟ್ಟೆಯಿಂದ ದಿನಕ್ಕೆ ಇನ್ನೊಂದೆರಡು ಲೀಟರ್. ಹೊಗೆ ಹೋಗುತ್ತಿದ್ದ ಸಂದು ಈಗ ಇಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ ಬ್ರಶ್ ಹಿಡಿಯುವುದಲ್ಲ, ಆ ಗೋಡೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವುದು. ಮೂರು ದಾರಿ ಇವೆ. ಹೊರಗಿನಿಂದ ಇಳಿಯುವ ಮಳೆ, ನೆಲದಿಂದ ಏರುವ ತೇವ, ಒಳಗಿನ ಗಾಳಿ ಬೆವರುವುದು. ಮೂರಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಹಣ ನೀರಿಗೆ.

ಗೋಡೆಯೇ ಸ್ವಲ್ಪ ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ತೇವ ಇದ್ದು, ಮೇಲೆ ಅಲೆಯಂತಹ ಗೆರೆ ಇದ್ದು, ಪೇಂಟಿನ ಅಡಿಯಲ್ಲಿ ಬಿಳಿ ಪುಡಿ ಉಕ್ಕುತ್ತಿದ್ದರೆ ಅದು ತಳಪಾಯದಿಂದ ಏರಿದ್ದು. ಆ ಬಿಳಿ ಪುಡಿಯನ್ನು ಬೂಷ್ಟೆಂದು ಭಾವಿಸುವವರು ತುಂಬ ಜನ. ಚಿಟಿಕೆ ತೆಗೆದು ನೀರಿಗೆ ಹಾಕಿ. ಕರಗಿದರೆ ಉಪ್ಪು, ಕರಗದಿದ್ದರೆ ಬೂಷ್ಟು ಎಂದು ಹೆಚ್ಚಾಗಿ ತಿಳಿಯಬಹುದು. ಕಿಟಕಿಯ ಮೂಲೆಯಿಂದ, ಸಜ್ಜೆಯ ಮಟ್ಟದಿಂದ ಕೆಳಗೆ ಇಳಿದ ಕಲೆ ಮಳೆಯದ್ದು. ಮೂಲೆಗಳಲ್ಲಿ, ಸಾಮಾನುಗಳ ಹಿಂದೆ ಒಂದೇ ಸಮನೆ ಎರಚಿದಂತಿರುವ ಸಣ್ಣ ಚುಕ್ಕೆ ಬೆವರಿನದ್ದು. ಕಪ್ಪು ಕಲೆ ಬೂಷ್ಟೋ ಬರೀ ಮಸಿಯೋ ಎಂಬ ಅನುಮಾನವಿದ್ದರೆ ಒಂದು ಹನಿ ಬ್ಲೀಚ್ ಮುಟ್ಟಿಸಿ ಎರಡು ನಿಮಿಷ ಕಾಯಿರಿ. ಬೂಷ್ಟಾದರೆ ಬಣ್ಣ ಬಿಡುತ್ತದೆ.

ನಿಮ್ಮ ಗೋಡೆಯಲ್ಲಿ ಮಳೆಯೂ ಬೆವರೂ ಎರಡೂ ಇರಬಹುದು ಎಂದು ನನಗನಿಸುತ್ತದೆ. ತಿಳಿಯಲು ಹೀಗೆ ಮಾಡಿ. ಕಪಾಟನ್ನು ಎಳೆದು, ಆ ಜಾಗವನ್ನು ಒಣ ಬಟ್ಟೆಯಿಂದ ಒತ್ತಿ ಒಣಗಿಸಿ. ಎರಡು ಅಡಿ ಉದ್ದಗಲದ ಸ್ವಚ್ಛ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆ ಮಂಜು ಕಟ್ಟಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಕೋಣೆ ಕಡೆ ಒದ್ದೆಯಾಗಿದ್ದು ಅಡಿ ಒಣಗಿದ್ದರೆ ಅದು ಗಾಳಿಯ ಬೆವರು. ನಾನು ಸಾವಿರಾರು ರೂಪಾಯಿಯ ತೇವಮಾಪಕ ಇಟ್ಟುಕೊಂಡಿದ್ದೇನೆ, ಆದರೂ ಅನುಮಾನ ಬಂದಾಗ ಹಾಳೆಯೇ ಅಂಟಿಸುತ್ತೇನೆ.

ಮುಳ್ಳೇರಿಯಾ ಕಡೆಯ ಒಂದು ಮನೆಯಲ್ಲಿ ಈ ಪರೀಕ್ಷೆ ಮಾಡದೆ ನಾನೇ ತಪ್ಪು ಮಾಡಿದ್ದೆ. ಇಪ್ಪತ್ತು ವರ್ಷ ಆಗಿರಬಹುದು. ಪಡು ಗೋಡೆ ಒಳಗೆ ಒದ್ದೆ ಎಂದಾಗ ಒಳಬದಿಗೇ ವಾಟರ್‌ಪ್ರೂಫ್ ಬಳಿಸಿದೆ. ಮುಂದಿನ ಮಳೆಗಾಲಕ್ಕೆ ಅದು ಅಂಗೈಯಗಲ ಗುಳ್ಳೆ ಗುಳ್ಳೆಯಾಗಿ ಎದ್ದಿತು, ಒತ್ತಿದರೆ ಕೆಂಪು ನೀರು ಒಸರುತ್ತಿತ್ತು. ಮುಚ್ಚಿದ ಕಡೆಯಿಂದ ಹೊರಬರಲಾಗದ ನೀರು ಪಕ್ಕದ ಕೋಣೆಯ ಗೋಡೆಯನ್ನೂ ಹಿಡಿದಿತ್ತು. ಆ ಮನೆಯವರು ಒಂದು ಮಾತೂ ಬೈಯದೆ ಚಾ ಕೊಟ್ಟರು, ಅದು ಇನ್ನೂ ಮನಸ್ಸಿನಲ್ಲಿದೆ. ಬೇಸಗೆಯಲ್ಲಿ ಮತ್ತೆ ಹೋಗಿ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆವು. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಕಾಲು ಗಂಟೆ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕಾಯುವುದು. ಸಜ್ಜೆಯ ಮೇಲ್ಭಾಗ ಗೋಡೆಗೆ ಸೇರುವ ಮೂಲೆಗೆ ನೀರು ಬಿಟ್ಟ ಹತ್ತನೇ ನಿಮಿಷಕ್ಕೆ ಒಳಗಿನವರು ಕೂಗಿದರು. ಅಲ್ಲಿ ಉಗುರು ಹೋಗದಷ್ಟು ಸಪೂರದ ಬಿರುಕು, ಅದರಲ್ಲಿ ಹಾವಸೆ ಬೆಳೆದು ಹಸಿರು ಗೆರೆ. ಸಜ್ಜೆಯ ಮೇಲೆ ಇಳಿಜಾರು ಇಲ್ಲದೆ ನೀರು ನಿಲ್ಲುತ್ತಿತ್ತು. ಐದು ವರ್ಷದ ತೊಂದರೆಗೆ ಅರ್ಧ ದಿನದ ಕೆಲಸ ಸಾಕಾಯಿತು. ನೀವೂ ಮೊದಲು ನೋಡಬೇಕಾದ ಜಾಗ ಅದೇ. ಕೆಳಗಿನಿಂದ ಮೇಲಕ್ಕೆ ಹೋಗುವುದನ್ನು ಮಾತ್ರ ಮರೆಯಬೇಡಿ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆ ಇಳಿದು ಯಾವ ಬಿರುಕೆಂದು ತಿಳಿಯುವುದಿಲ್ಲ.

ಗುಡ್ಡೆ ಜರಿದು ತಟ್ಟು ಮಾಡಿದ ಜಾಗ ಎಂದು ಬರೆದಿದ್ದೀರಿ. ಬರೆಯ, ಅಂದರೆ ಕಡಿದ ಗುಡ್ಡೆಯ, ಕಡೆಯ ಗೋಡೆಯನ್ನೂ ನೋಡಿ. ಬರೆಗೂ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ ಇದೆಯೇ, ಅಲ್ಲಿ ಕಣಿ ಇದೆಯೇ, ಕಣಿಯ ನೀರು ಮನೆಯಿಂದ ಆಚೆಗೆ ಓಡುತ್ತದೆಯೇ? ವರ್ಷಗಳಿಂದ ಮಣ್ಣು ಜರಿದು ಕಣಿ ತುಂಬಿ, ಮನೆಯ ಪಂಚಾಂಗಕ್ಕಿಂತ, ಅಂದರೆ ತಳಕಟ್ಟಿಗಿಂತ, ಎತ್ತರಕ್ಕೆ ಮಣ್ಣು ಗೋಡೆಗೆ ತಾಗಿ ನಿಂತದ್ದನ್ನು ತುಂಬ ಮನೆಗಳಲ್ಲಿ ಕಂಡಿದ್ದೇನೆ. ಹಾರೆ ಹಿಡಿದರೆ ಮುಗಿಯುವ ಕೆಲಸ ಅದು.

ಈಗ ತೆಗೆಯುವ ಕ್ರಮ. ಮೂರು ಅಡಿ ಉದ್ದಗಲದಷ್ಟು ಜಾಗವಾದರೆ ನೀವೇ ಮಾಡಬಹುದು. ಇಡೀ ಗೋಡೆ, ಒಂದಕ್ಕಿಂತ ಹೆಚ್ಚು ಕೋಣೆ ಹಿಡಿದಿದ್ದರೆ ಈ ಕೆಲಸ ತಿಳಿದವರನ್ನು ಕರೆಸಿ. ಬಂದವರಿಗೂ ನಿಮ್ಮಷ್ಟೇ ಒಳ್ಳೆಯ ಮಾಸ್ಕ್ ಕೊಡಿ. ಮಗನನ್ನು, ಅತ್ತೆಯವರನ್ನು ಅಂದು ಮನೆಯಿಂದ ಆಚೆ ಕಳಿಸಿ. ಮಳೆ ಹೊಳವಾದ ದಿನ ಆರಿಸಿ. ಫ್ಯಾನ್ ಬಂದ್, ಕೋಣೆಯ ಬಾಗಿಲು ಮುಚ್ಚಿ ಅಡಿಯ ಸಂದಿಗೆ ಒದ್ದೆ ಬಟ್ಟೆ, ಹೊರಗಿನ ಕಿಟಕಿ ತೆರೆದಿರಲಿ. ಮೂಗಿಗೆ ಬೈರಾಸ ಕಟ್ಟಿದರೆ ಸಾಲದು, ಎನ್‌95 ಮಾಸ್ಕ್ ಬೇಕು. ರಬ್ಬರ್ ಕೈಗವಸು ಹಾಕಿ, ಕಣ್ಣಿಗೆ ಎಲ್ಲ ಬದಿಯೂ ಮುಚ್ಚುವ ಕನ್ನಡಕ ಇರಲಿ.

ಒಣ ಬೂಷ್ಟಿಗೆ ಪೊರಕೆ, ಒಣ ಬ್ರಶ್, ಮರಳುಕಾಗದ ಯಾವುದನ್ನೂ ಮುಟ್ಟಿಸಬೇಡಿ. ಪೇಂಟ್ ಮಾಡುವವರು ಮಾಡುವ ದೊಡ್ಡ ತಪ್ಪು ಅದು. ಒಮ್ಮೆ ಉಜ್ಜಿದರೆ ಲಕ್ಷಗಟ್ಟಲೆ ಬೀಜಕಣ ಹಾರಿ ಹಾಸಿಗೆ, ಪರದೆ, ಪಕ್ಕದ ಕೋಣೆ ಸೇರುತ್ತದೆ. ಬಟ್ಟೆ ಒಗೆಯುವ ಪುಡಿ ಕರಗಿಸಿದ ಉಗುರು ಬೆಚ್ಚಗಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹಾಕಿ ಮಂಜಿನ ಹಾಗೆ ಸಿಂಪಡಿಸಿ ಹತ್ತು ನಿಮಿಷ ನೆನೆಯಲು ಬಿಡಿ. ಅನಂತರ ಒದ್ದೆ ಬಟ್ಟೆಯಿಂದ ಅಂಚಿನಿಂದ ನಡುವಿನ ಕಡೆಗೆ ಒರೆಸಿ, ಹರಡಬಾರದು. ಒಂದು ಮಡಿಕೆ ಕೊಳೆಯಾದ ಕೂಡಲೇ ಇನ್ನೊಂದು ಮಡಿಕೆ. ಅದೇ ಬಕೆಟಿಗೆ ಅದ್ದಿ ಅದ್ದಿ ಒರೆಸಿದರೆ ಬೂಷ್ಟನ್ನು ಗೋಡೆಗೇ ಬಳಿದಂತೆ, ಹಾಗಾಗಿ ಹಳೆ ಲುಂಗಿ, ಬನಿಯನ್ ಹರಿದು ಹತ್ತು ಹದಿನೈದು ತುಂಡು ಮೊದಲೇ ಮಾಡಿಟ್ಟುಕೊಳ್ಳಿ. ಸಡಿಲವಾದ ಪುಟ್ಟಿಯನ್ನು ಒದ್ದೆಯಿರುವಾಗಲೇ ಕೆರೆದು ತೆಗೆಯಿರಿ. ಕೆರೆದದ್ದು, ಒರೆಸಿದ್ದು ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೋಣೆಯೊಳಗೇ ಬಾಯಿ ಕಟ್ಟಿ. ಕೊನೆಗೆ ಸಾದಾ ನೀರಿನಲ್ಲಿ ಒಮ್ಮೆ ಒರೆಸಿ, ಗೋಡೆ ಒಣಗುವವರೆಗೆ ಟೇಬಲ್ ಫ್ಯಾನ್ ಇಡಿ. ಒದ್ದೆಯಾದ ಯಾವುದನ್ನೂ ಎರಡು ದಿನದೊಳಗೆ ಒಣಗಿಸಿದರೆ ಬೂಷ್ಟಿಗೆ ಹಿಡಿಯಲು ಸಮಯ ಸಿಗುವುದಿಲ್ಲ, ಈ ಲೆಕ್ಕ ಚಾಪೆ, ಹಾಸಿಗೆ, ಪುಸ್ತಕ ಎಲ್ಲಕ್ಕೂ ಅನ್ವಯ.

ಬ್ಲೀಚ್ ಬೇಕೇ? ಬಚ್ಚಲ ಟೈಲ್ಸಿಗೆ, ನಯವಾದ ನೆಲಕ್ಕೆ ಆಗಬಹುದು. ನಾಲ್ಕು ಲೀಟರ್ ನೀರಿಗೆ ಒಂದು ಕಪ್, ಅಂದರೆ 240 ಮಿಲಿಲೀಟರ್, ಅದಕ್ಕಿಂತ ಹೆಚ್ಚು ಬೇಡ. ಮುರಕಲ್ಲು, ಪುಟ್ಟಿ, ಮರದಂತಹ ತೂತಿರುವ ವಸ್ತುಗಳಿಗೆ ಅದು ಮೇಲಿನ ಬಣ್ಣ ತೆಗೆಯುತ್ತದೆ, ಒಳಗಿನ ಎಳೆಗೆ ತಲಪುವುದಿಲ್ಲ, ನೀರು ಮಾತ್ರ ಒಳಗೆ ಹೋಗುತ್ತದೆ. ಮೇಲಾಗಿ ಸತ್ತ ಬೂಷ್ಟು ಕೂಡ ಅಲರ್ಜಿ ಮಾಡುತ್ತದೆ, ಆದ್ದರಿಂದ ಕೊಂದರೆ ಸಾಲದು, ಒರೆಸಿ ತೆಗೆಯಲೇಬೇಕು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬ್ಲೀಚನ್ನು, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ವಿನೆಗರ್ ಜೊತೆ, ಕಕ್ಕಸು ತೊಳೆಯುವ ಆಸಿಡ್ ಜೊತೆ, ಅಮೋನಿಯಾ ಇರುವ ಗಾಜು ಒರೆಸುವ ದ್ರವದ ಜೊತೆ ಎಂದೆಂದೂ ಬೆರೆಸಬೇಡಿ. ಕ್ಲೋರಿನ್, ಕ್ಲೋರಮಿನ್ ಎಂಬ ವಿಷಾನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಬೇಗ ಹೋಗಲಿ ಎಂದು ಎರಡು ಬಾಟಲಿ ಸೇರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈ ಮಳೆಗಾಲದಲ್ಲಿ ಪೇಂಟ್ ಮಾಡಿಸಬೇಡಿ. ಒದ್ದೆ ಗೋಡೆಯ ಮೇಲೆ ಎಷ್ಟು ಬೆಲೆಯ ಪೇಂಟ್ ಹಾಕಿದರೂ ಅದು ಹೊದಿಕೆ ಅಷ್ಟೇ. ಪಡು ಗೋಡೆಗೆ ಹೊರಗಿನಿಂದ ತಾತ್ಕಾಲಿಕವಾಗಿ ಶೀಟ್ ಅಥವಾ ಟಾರ್ಪಾಲ್ ಇಳಿಬಿಡಿ, ಗೋಡೆಗೆ ಅಂಟದಂತೆ ಒಂದಡಿ ದೂರದಲ್ಲಿ, ನಡುವೆ ಗಾಳಿಯಾಡುವಂತೆ. ಹಿರಿಯರ ಮಡಲಿನ ತಟ್ಟಿಯ ಕೆಲಸವೇ ಇದು. ಕಪಾಟನ್ನು ಒಳಗಿನ ಗೋಡೆಗೆ ಸರಿಸಿ, ಅಲ್ಲಿಯೂ ಅರ್ಧ ಅಡಿ ಬಿಟ್ಟು ನಿಲ್ಲಿಸಿ.

ಕಿಟಕಿ ತೆರೆದಿಡಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ತೇವಾಂಶ ಶೇ. 60ರ ಒಳಗಿರಲಿ ಎಂಬುದೂ ಪುಸ್ತಕದ ಮಾತು. ಹೊರಗೇ ಶೇ. 90 ಇರುವ ಆಟಿಯಲ್ಲಿ ದಿನವಿಡೀ ಕಿಟಕಿ ತೆರೆದರೆ ಮನೆ ಒಣಗುವುದು ಹೇಗೆ? ನಮ್ಮೂರಿಗೆ ನಾನು ಹೇಳುವುದು ಬೇರೆ. ಹಬೆ ಹುಟ್ಟುವಲ್ಲೇ ಅದನ್ನು ಹೊರಗೆ ಕಳಿಸಿ. ಅಡುಗೆಯ ಹೊತ್ತಿಡೀ ಎಕ್ಸಾಸ್ಟ್ ಫ್ಯಾನ್ ಓಡಲಿ, ಅನ್ನದ ಪಾತ್ರೆಗೆ ಮುಚ್ಚಳ ಇರಲಿ. ಬಿಸಿನೀರು ಮಿಂದ ಮೇಲೆ ಬಚ್ಚಲ ಬಾಗಿಲು ಮುಚ್ಚಿ ಅರ್ಧ ಗಂಟೆ ಫ್ಯಾನ್. ಮಳೆ ಸುರಿಯುವಾಗ ಪಡು ಕಿಟಕಿ ಮುಚ್ಚಿ. ಹೊಳವಾಗಿ ಬಿಸಿಲು ಬಿದ್ದ ಕೂಡಲೇ ಎದುರು ಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು, ಕಪಾಟಿನ ಬಾಗಿಲನ್ನೂ ತೆರೆದಿಡಿ. ಬಟ್ಟೆ ಒಣಗಿಸಲು ಮಲಗುವ ಕೋಣೆ ಬೇಡವೇ ಬೇಡ. ತಾರಸಿಯ ಮೇಲೆ ಶೀಟಿನ ಮಾಡು ಇದ್ದರೆ ಅಲ್ಲಿ, ಇಲ್ಲವಾದರೆ ಹಿಂದಿನ ಜಗಲಿಯಲ್ಲಿ ಒಣಗಿಸಿ. ಹಳೆ ಮನೆಯ ಬಚ್ಚಲ ಒಲೆ ಇನ್ನೂ ಇದ್ದರೆ ಅದನ್ನು ಉರಿಸಿ ಅದರ ಸುತ್ತ ಒಣಗಿಸುವುದೂ ಒಳ್ಳೆಯ ದಾರಿ.

ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್, ಸೋರಿಕೆ ನಿಂತ ಮೇಲೆ ನಿಜವಾಗಿ ಉಪಕಾರ ಮಾಡುತ್ತದೆ. ಕಿಟಕಿ, ಬಾಗಿಲು ಮುಚ್ಚಿದ ಒಂದು ಕೋಣೆಯಲ್ಲಿ ಇಡಬೇಕು. ತೆರೆದಿಟ್ಟರೆ ಅದು ಇಡೀ ಊರಿನ ಮಳೆಗಾಲವನ್ನು ಒಣಗಿಸಲು ಹೋಗಿ ಕರೆಂಟ್ ಬಿಲ್ ಏರಿಸುತ್ತದೆ. ಎಸಿ ಇದ್ದರೆ ಡ್ರೈ ಮೋಡ್ ಸಾಕು, ತುಂಬ ತಣ್ಣಗೆ ಇಟ್ಟರೆ ಪಕ್ಕದ ಕೋಣೆಯ ಕಡೆಗೆ ಗೋಡೆ ಬೆವರಲು ಶುರುವಾಗುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನು ತಂದು ಆ ಕೋಣೆಯಲ್ಲಿ ನೇತುಹಾಕಿ. ಮುಗ್ಗಲು ವಾಸನೆಗೆ ನಮ್ಮ ಮೂಗು ಒಗ್ಗಿಕೊಳ್ಳುತ್ತದೆ, ಮಾಪಕ ಒಗ್ಗುವುದಿಲ್ಲ.

ಶಾಶ್ವತ ಕೆಲಸ ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ಕಳೆದು. ಹೊರಗಿನ ಬಿರುಕನ್ನು ವಿ ಆಕಾರಕ್ಕೆ ಅಗಲಿಸಿ, ಧೂಳು ತೆಗೆದು ತುಂಬಿಸಿ. ಸಜ್ಜೆಯ ಮೇಲೆ ಹೊರಗೆ ಇಳಿಜಾರು, ಗೋಡೆ ಸೇರುವ ಮೂಲೆಗೆ ಉರುಟು ಗಾರೆ. ಸಜ್ಜೆಯ ಅಡಿಯಲ್ಲಿ, ಅಂಚಿನಿಂದ ಒಂದೆರಡು ಇಂಚು ಒಳಗೆ, ಬೆರಳಗಲದ ಒಂದು ತೋಡು ಇರಬೇಕು. ಅದಿಲ್ಲದಿದ್ದರೆ ನೀರು ಸಜ್ಜೆಯ ಅಡಿಗೇ ಅಂಟಿಕೊಂಡು ಹರಿದು ಗೋಡೆ ಸೇರುತ್ತದೆ. ಗಾರೆ ಮೇಸ್ತ್ರಿಗೆ ಇದು ಗೊತ್ತಿರುವ ವಿಷಯ, ಕೇಳದಿದ್ದರೆ ಬಿಟ್ಟು ಹೋಗುತ್ತಾರೆ. ನಿಮ್ಮ ಕೈಯಲ್ಲಿ ಆಗುವುದಾದರೆ ಪಡು ಬದಿಗೆ ಮೂರು ಅಡಿಯ ಶೀಟಿನ ಮಾಡು ಇಳಿಸಿ, ಎಲ್ಲ ರಾಸಾಯನಿಕಕ್ಕಿಂತ ಅದು ಮೇಲು. ಗೋಡೆ ಮಾರ್ಚ್ ಕೊನೆಯವರೆಗೆ ಬರಿದಾಗಿ ಒಣಗಲಿ. ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಅಡಿ ಒಣಗಿದ್ದರೆ ಮಾತ್ರ ಬಣ್ಣ. ಆ ಒಂದು ಗೋಡೆಗೆ ಎತ್ತಿಟ್ಟ ಸುಣ್ಣವನ್ನೇ ಬಳಿಯಬಹುದು, ಆದರೆ ಹಳೆ ಪ್ಲಾಸ್ಟಿಕ್ ಪೇಂಟ್, ಪುಟ್ಟಿ ಪೂರ್ತಿ ತೆಗೆದಿರಬೇಕು, ಇಲ್ಲವಾದರೆ ಸುಣ್ಣ ಹಿಡಿಯುವುದಿಲ್ಲ. ಬಳಿಯುವಾಗ ಕಣ್ಣಿಗೆ ಹಾರದಂತೆ ಎಚ್ಚರ.

ಸೀರೆಗಳನ್ನು ಅಂಗಳದ ನೆರಳಿನಲ್ಲಿ ಹರಡಿ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ಮೆತ್ತನೆ ಬ್ರಶ್ಶಿನಿಂದ ಒರೆಸಿ, ಡ್ರೈಕ್ಲೀನಿಂಗಿಗೆ ಕೊಡಿ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಿಂದೆ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸುತ್ತಿದ್ದದ್ದು ಅದರ ಬಿಸಿಗಾಗಿ. ಎಲ್‌ಇಡಿ ಬಲ್ಬಿಗೆ ಆ ಗುಣ ಇಲ್ಲ, ಹಳೆಯ ತಂತಿ ಬಲ್ಬಿಗೆ ಬಟ್ಟೆ ತಾಗಿದರೆ ಬೆಂಕಿಯ ಭಯ. ಹಾಗಾಗಿ ಈಗ ಸಿಲಿಕಾ ಜೆಲ್ ಅಥವಾ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಇಟ್ಟು, ತುಂಬಿದಾಗ ಬದಲಿಸುವುದೇ ಕ್ಷೇಮ.

ಪ್ರಸಂಗ ಪುಸ್ತಕಗಳ ಮೇಲೆ ನೀರು, ಬ್ಲೀಚ್, ಸಾಬೂನು ಯಾವುದೂ ಬೇಡ. ಯಕ್ಷಗಾನ ಕವಿ ಪಾರ್ತಿ ಸುಬ್ಬನ ಸೀಮೆಯಲ್ಲಿ ಇಂತಹ ಪುಸ್ತಕಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಹೀಗೇ ಹಾಳಾಗಿವೆ, ನಿಮ್ಮದು ಉಳಿಯಲಿ. ಒದ್ದೆ ಬೂಷ್ಟನ್ನು ಒರೆಸಿದರೆ ಕಾಗದಕ್ಕೆ ಅರೆದಂತಾಗುತ್ತದೆ. ಮೊದಲು ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಒಣಗಿದ ಮೇಲೆ ಮಾಸ್ಕ್ ಹಾಕಿ, ಮನೆಯ ಹೊರಗೆ, ಮೆತ್ತನೆಯ ಕುಂಚದಿಂದ ಹೊಲಿಗೆಯ ಕಡೆಯಿಂದ ಹೊರಗೆ ಒಂದೊಂದೇ ಪುಟ ಝಾಡಿಸಿ. ಕೈಬರಹದ ಪ್ರತಿ ಇದ್ದರೆ ಮುಟ್ಟುವ ಮೊದಲು ಮೊಬೈಲಿನಲ್ಲಿ ಪ್ರತಿ ಪುಟದ ಫೋಟೋ ತೆಗೆದಿಡಿ. ತಾಳೆಗರಿ ಇದ್ದರೆ ನೀವೇ ಏನೂ ಮಾಡದೆ ಹಸ್ತಪ್ರತಿ ಸಂರಕ್ಷಣೆ ತಿಳಿದವರಿಗೆ ತೋರಿಸಿ. ಮುಂದೆ ಇಡುವಾಗ ಪೆಟ್ಟಿಗೆ ನೆಲಕ್ಕೆ, ಗೋಡೆಗೆ ತಾಗದಿರಲಿ. ನಾಲ್ಕು ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಪೆಟ್ಟಿಗೆ, ಪಡು ಗೋಡೆಯ ಕೋಣೆಯಲ್ಲಿ ಅಲ್ಲ, ಮನೆಯ ನಡುವಿನ ಕೋಣೆಯಲ್ಲಿ.